ಅಪ್ಪಣೆ ಬೇಡದ ದಾರಿ

ಇಂಗ್ಲೆಂಡಿನ ಲ್ಯಾಂಕಷರ್ ಸೀಮೆಯ ಹ್ಯಾಗ್‌ಬ್ರಿಜ್ ಊರಿನ ಬಟ್ಟೆ ಗಿರಣಿಗಳು ಬಾಗಿಲು ಹಾಕಿ ಎಷ್ಟೋ ಕಾಲವಾಗಿದ್ದರೂ ಗಿರಣಿಯ ರಜೆಯ ವಾರ ಮಾತ್ರ ಊರು ಬಿಟ್ಟು ಹೋಗಿರಲಿಲ್ಲ. ಚಿಮಣಿಯಲ್ಲಿ ಹೊಗೆ ಇಲ್ಲ, ಸೈರನ್ ಕೂಗುವುದಿಲ್ಲ, ಆದರೂ ಜುಲೈ ಹತ್ತಿರ ಬಂತೆಂದರೆ ಜನಕ್ಕೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗುರುವಾರದ ನಡಿಗೆ ಬಳಗದ ಹೆಂಗಸರಂತೂ ಮೇ ತಿಂಗಳಿಗೇ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ನಕ್ಷೆ ಹರಡಿಕೊಂಡು ಕೂತುಬಿಡುವರು. ಆ ನಕ್ಷೆಯನ್ನು ಯಾರೂ ನೋಡುತ್ತಿರಲಿಲ್ಲ. ಅದು ಇದ್ದದ್ದು ಮೇಜಿನ ಮೇಲಿನ ಟೀ ಕಲೆ ಮುಚ್ಚಲಿಕ್ಕೆ. ಹೋಗುವ ಜಾಗ ಎಲ್ಲರಿಗೂ ಗೊತ್ತಿದ್ದದ್ದೇ. ಗುಡ್ಡದ ಆಚೆ ಯಾರ್ಕ್‌ಷರ್ ಡೇಲ್ಸ್ ಎಂಬ ಕಣಿವೆಗಳ ಸೀಮೆ, ಅದರಲ್ಲಿ ಥಾರ್ನ್‌ಬೆಕ್ ಹಳ್ಳಿ, ಅಲ್ಲಿಂದ ಕಲ್ಲುಗೋಡೆ ದಾಟಿ, ಹುಲ್ಲುಗಾವಲು ಹಾದು, ಹೊಳೆಯ ಅಂಚಿನಲ್ಲೇ ಪಕ್ಕದ ಹಳ್ಳಿಯವರೆಗೆ ಒಂದು ಕಾಲುದಾರಿ. ಪ್ರತಿ ವರ್ಷವೂ ಅದೇ. ವಾದ ನಡೆಯುತ್ತಿದ್ದದ್ದು ಯಾರು ಯಾವ ಸ್ಯಾಂಡ್‌ವಿಚ್ ತರಬೇಕು, ಬಸ್ಸಿನಲ್ಲಿ ವಾಂತಿ ಬರುವವರೆಂದು ಮುಂದಿನ ಸೀಟು ಯಾರಿಗೆ ಬಿಡಬೇಕು ಎಂಬುದರ ಮೇಲೆ.

ಆ ಗುರುವಾರ ಬಳಗದ ಕಾರ್ಯದರ್ಶಿ ಮಾರ್ಜರಿ ಬರುವಾಗಲೇ ಮುಖ ಅರಳಿಸಿಕೊಂಡು ಬಂದಳು. ಕೋಟು ಬಿಚ್ಚುವುದಕ್ಕೂ ತಾಳ್ಮೆಯಿಲ್ಲ.

"ಒಂದು ಒಳ್ಳೆ ಸುದ್ದಿ ಇದೆ. ಥಾರ್ನ್‌ಬೆಕ್‌ನ ಆ ದೊಡ್ಡ ಫಾರಮ್ ಇದೆಯಲ್ಲ, ನಮ್ಮ ದಾರಿ ಹಾದುಹೋಗೋದು, ಅದನ್ನ ಲಂಡನ್ ಕಡೆಯವರು ಯಾರೋ ಮಿಸ್ಟರ್ ಹಾರ್ಕೋರ್ಟ್ ಅಂತ ಕೊಂಡುಕೊಂಡಿದಾರೆ. ನನ್ನ ಅಕ್ಕನ ಮೊಮ್ಮಗಳ ಮದುವೆ ಅಲ್ಲೇ ಆಯ್ತು ಅಂದೆನಲ್ಲ, ಹಳೇ ಕೊಟ್ಟಿಗೆ ಈಗ ಮದುವೆ ಹಾಲ್ ಆಗಿದೆ. ಶೌಚಾಲಯದಲ್ಲಿ ಲ್ಯಾವೆಂಡರ್ ಸೋಪು."

"ಸೋಪು ನೋಡೋಕೆ ಅಷ್ಟು ದೂರ ಹೋಗಬೇಕಾ?" ಎಂದಳು ಬೆಸ್ಸಿ. ಬೆಸ್ಸಿ ಹಾವರ್ತ್ ಬಾಯಿ ತೆಗೆದರೆ ಯಾರಿಗಾದರೂ ಚುಚ್ಚಿಯೇ ಮುಚ್ಚುವವಳು.

"ಕೇಳು ಮೊದಲು. ದಾರಿ ಶುರುವಾಗೋ ಕಡೆ ಹೊಸ ಗೇಟ್ ಇಟ್ಟು, ಖಾಸಗಿ ಜಾಗ, ಅಪ್ಪಣೆ ಪಡೆದು ಬನ್ನಿ ಅಂತ ಬೋರ್ಡ್ ಹಾಕಿದಾರೆ. ನಾನು ನೋಡಿದೆ. ಸರಿ, ಬಳಗದ ಪರವಾಗಿ ಒಂದು ಪತ್ರ ಬರೆದೆ. ನಾವು ಇಂಥಾ ದಿನ ಬರ್ತೀವಿ, ದಯವಿಟ್ಟು ನಿಮ್ಮ ಜಾಗದಲ್ಲಿ ನಡೆಯೋಕೆ ಅಪ್ಪಣೆ ಕೊಡಿ ಅಂತ. ಅವರು ಎಷ್ಟು ಒಳ್ಳೆಯವರು ಅಂದ್ರೆ, ಬನ್ನಿ ಅಂದಿದ್ದಲ್ಲದೆ ಹಾಲ್‌ನಲ್ಲಿ ಎಲ್ಲರಿಗೂ ಟೀ, ಸ್ಕೋನು, ಕೆನೆ, ಜಾಮು ಕೊಡ್ತೀನಿ ಅಂದಿದಾರೆ. ಪುಕ್ಕಟೆ."

ಕೋಣೆಯಲ್ಲಿ ಸಂತೋಷದ ಗುಜುಗುಜು ಎದ್ದಿತು. ಸ್ಕೋನೆಂಬ ಆ ಬನ್ನಿಗೆ ಕೆನೆ ಮೊದಲು ಹಚ್ಚಬೇಕೋ ಜಾಮು ಮೊದಲೋ ಎಂದು ಇಬ್ಬರು ಆಗಲೇ ಶುರುಮಾಡಿಕೊಂಡಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಎನಿಡ್ ಆಗ್ಡೆನ್ ಒಬ್ಬಳೇ ಕೈಯಲ್ಲಿದ್ದ ಬಿಸ್ಕತ್ತನ್ನು ಮತ್ತೆ ತಟ್ಟೆಯಲ್ಲಿಟ್ಟಳು.

"ಅಪ್ಪಣೆ ಯಾಕೆ ಕೇಳಿದೆ, ಮಾರ್ಜರಿ?"

"ಯಾಕೆ ಅಂದ್ರೆ? ಬೋರ್ಡ್ ಇದೆ ಅಂದೆನಲ್ಲ."

"ಬೋರ್ಡು ಮೊನ್ನೆ ಬಂತು. ನಮ್ಮ ಅಮ್ಮಂದಿರು ನಡೆಯೋವಾಗ ಇರಲಿಲ್ಲ."

"ಕೇಳಿದ್ರೆ ಏನು ಹೋಗುತ್ತೆ, ಎನಿಡ್? ಬಾಯಿಮಾತು ತಾನೇ."

ಏನು ಹೋಗುತ್ತದೆಂದು ಆಗ ಎನಿಡ್‌ಗೂ ಬಿಡಿಸಿ ಹೇಳಲು ಬರಲಿಲ್ಲ. ಮಾರ್ಜರಿ ಅವಳಿಗೆ ಬರೀ ಗೆಳತಿಯಲ್ಲ, ತೀರಿಹೋದ ಗಂಡನ ತಂಗಿ. ನಾಲ್ಕು ಜನರ ಎದುರಿಗೆ ನಾದಿನಿಯ ಮುಖ ಬಾಡಿಸುವುದು ಬೇಡವೆಂದು ತಟ್ಟೆಯ ಬಿಸ್ಕತ್ತನ್ನು ಮತ್ತೆ ಕೈಗೆತ್ತಿಕೊಂಡಳು.

ಎದುರು ಸಾಲಿನಿಂದ ಬೆಸ್ಸಿ ದನಿಯೇ ಇಲ್ಲದೆ ತುಟಿಯನ್ನಷ್ಟೇ ಅಗಲಿಸಿ ಕೇಳಿದಳು: ಏನಾಯ್ತು? ಮಗ್ಗಗಳ ಆರ್ಭಟದಲ್ಲಿ ಕೆಲಸ ಮಾಡಿದವರಿಗೆಲ್ಲ ಈ ತುಟಿಮಾತು ಬರುತ್ತದೆ. ಎನಿಡ್ ಕೂಡ ತುಟಿಯಲ್ಲೇ, ಆಮೇಲೆ ಹೇಳ್ತೀನಿ ಎಂದಳು. ಬೆಸ್ಸಿ ಮತ್ತೆ, ಸ್ಕೋನು ಬಿಡಬೇಕಾಗುತ್ತಾ ಎಂದು ಕೇಳಿದಳು. ಎನಿಡ್ ಮುಖ ತಿರುಗಿಸಿಕೊಂಡಳು.

ಮನೆಗೆ ನಡೆದು ಬರುವಾಗ ಅವಳ ಅಸಮಾಧಾನಕ್ಕೆ ನಿಧಾನವಾಗಿ ಮಾತು ಸಿಕ್ಕಿತು. ಶಾಲೆ ಬಿಡಿಸಿದ ಮರುವಾರವೇ ಅವಳನ್ನು ಮಗ್ಗಕ್ಕೆ ಸೇರಿಸಿದ್ದರು. ಅಲ್ಲಿ ಯಾವುದಕ್ಕೂ ಕೇಳಬೇಕು. ನೀರು ಕುಡಿಯಲು ಕೇಳಬೇಕು. ಹೊರಗೆ ಹೋಗಬೇಕಾದರೆ ಕೈಯೆತ್ತಿ ಮೇಸ್ತ್ರಿಯ ಕಣ್ಣಿಗೆ ಬೀಳುವವರೆಗೆ ನಿಲ್ಲಬೇಕು, ಅವನು ನೋಡಿಯೂ ನೋಡದವನಂತೆ ಇನ್ನೊಂದು ಸಾಲಿಗೆ ಹೋಗಿಬಿಡುವನು. ಆ ವರ್ಷ ರಜೆಯ ವಾರದಲ್ಲಿ ಅಮ್ಮನ ಜೊತೆ ಥಾರ್ನ್‌ಬೆಕ್‌ಗೆ ಹೋದಾಗ, ಗೋಡೆ ಹತ್ತಿ ದಾಟಲು ಕಲ್ಲು ಚಾಚಿಟ್ಟಿದ್ದ ತಡಮೆಯ ಮುಂದೆ ಎನಿಡ್ ಸುಮ್ಮನೆ ನಿಂತುಬಿಟ್ಟಿದ್ದಳು. ತಾನು ಯಾರದೋ ತಲೆಯಾಡಿಕೆಗೆ ಕಾಯುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ. ಅಮ್ಮ ಹಿಂದಿನಿಂದ ಬೆನ್ನಿಗೊಂದು ತಟ್ಟಿ, "ಹತ್ತು ಮಗಳೇ, ಇಲ್ಲಿ ಯಾರನ್ನೂ ಕೇಳೋದಿಲ್ಲ. ಎದುರಿಗೆ ಬಂದವರಿಗೆ ನಮಸ್ಕಾರ ಹೇಳು, ನಡಿ" ಎಂದಿದ್ದಳು. ಇಡೀ ವರ್ಷದಲ್ಲಿ ಕೇಳದೆ ಕಾಲಿಡಬಹುದಾದ ಜಾಗ ಅದೊಂದೇ. ಹುಲ್ಲು ತುಳಿಯದಂತೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯುತ್ತಿದ್ದರು. ಅದು ರೈತನಿಗೆ ಕೊಡುತ್ತಿದ್ದ ಮರ್ಯಾದೆ. ಅದಕ್ಕಿಂತ ಹೆಚ್ಚಿನದನ್ನು ಅವನೂ ಕೇಳಿರಲಿಲ್ಲ, ಇವರೂ ಕೊಟ್ಟಿರಲಿಲ್ಲ.

ಶನಿವಾರ ಬೆಳಿಗ್ಗೆ ಫೋನ್ ಬಂತು. ಥಾರ್ನ್‌ಬೆಕ್‌ನಿಂದ ಆಗ್ನೆಸ್ ಮೆಟ್‌ಕಾಫ್. ಹಳ್ಳಿಯ ಮೊದಲ ಮನೆ ಅವಳದು. ಪ್ರತಿ ವರ್ಷ ಬಳಗದವರು ಬಸ್ಸಿಳಿದ ಮೇಲೆ ಕಾಲು ಚಾಚಿ ಕೂರುವುದು ಅವಳ ಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ.

"ಎನಿಡ್, ನಿಮ್ಮವರು ಆ ಹಾರ್ಕೋರ್ಟ್‌ನ ಅಪ್ಪಣೆ ಕೇಳಿದಾರಂತೆ, ಹೌದಾ?"

"ನಿನಗೆ ಯಾರು ಹೇಳಿದ್ರು?"

"ಅವನೇ. ಹಳ್ಳಿಗೆಲ್ಲಾ ಹೇಳ್ಕೊಂಡು ಓಡಾಡ್ತಿದಾನೆ. ನೋಡಿ, ಲ್ಯಾಂಕಷರ್‌ನವರಿಗೂ ಮರ್ಯಾದೆ ಗೊತ್ತು, ಕೇಳಿಕೊಂಡು ಬರ್ತಾರೆ, ನಿಮಗೇನಾಗಿದೆ ಅಂತ." ಆಗ್ನೆಸ್ ಒಂದು ಉಸಿರು ಬಿಟ್ಟಳು. "ಸರಿಯಾಗಿ ಕೇಳಿಸ್ಕೋ. ಈ ದಾರಿ ಸರ್ಕಾರದ ನಕ್ಷೆಯಲ್ಲಿ ಇಲ್ಲ. ಹಿಂದೆ ಬರೆಯೋವಾಗ ಬಿಟ್ಟುಬಿಟ್ಟಿದಾರೆ. ಈಗ ಸೇರಿಸಿ ಅಂತ ಹಳ್ಳಿಯವರು ಕೌನ್ಸಿಲ್‌ಗೆ ಅರ್ಜಿ ಹಾಕಿದೀವಿ. ಇಪ್ಪತ್ತು ವರ್ಷ ಜನ ಕದ್ದುಮುಚ್ಚದೆ, ಬೀಗ ಬೇಲಿ ಮುರಿಯದೆ, ಯಾರ ಅಪ್ಪಣೆನೂ ಪಡೀದೆ ನಡೆದಿದ್ರೆ ಆ ದಾರಿ ಜನರದ್ದು. ಅಪ್ಪಣೆ ಪಡೆದು ನಡೆದಿದ್ರೆ ಅದು ಅವನ ಔದಾರ್ಯ. ಇವತ್ತು ಕೊಡ್ತಾನೆ, ನಾಳೆ ಬೀಗ ಹಾಕ್ತಾನೆ."

"ಹಳ್ಳಿಯವರು ನೀವೇ ಇದೀರಲ್ಲ ಸಾಕ್ಷಿಗೆ."

"ನಾವೆಲ್ಲ ಆ ಫಾರಮ್‌ನಲ್ಲಿ ಕೂಲಿ ಮಾಡಿದವರು, ಇಲ್ಲಾ ಹಳೇ ಮಾಲೀಕನ ನೆಂಟರು. ಮಾಲೀಕನ ಒಪ್ಪಿಗೆಯಲ್ಲೇ ಓಡಾಡಿದ್ರು ಅಂತಾನೆ ಅವನ ವಕೀಲ. ನೀವು ಹೊರಗಿನವರು. ಯಾರಿಗೂ ಏನೂ ಆಗಬೇಕಾದವರಲ್ಲ. ವರ್ಷ ವರ್ಷ ಬಂದು ರಾಜಾರೋಷವಾಗಿ ನಡೆದು ಹೋದವರು. ನಮ್ಮ ಕೈಯಲ್ಲಿರೋ ಗಟ್ಟಿ ಸಾಕ್ಷಿ ಅಂದ್ರೆ ನೀವು. ನೀವೇ ಹೋಗಿ ಅವನ ಗೇಟಿನ ಮುಂದೆ ಕೈಕಟ್ಟಿ ನಿಂತ್ರೆ..."

"ಟೀ ಬೇರೆ ಕೊಡ್ತಾನಂತೆ," ಎಂದಳು ಎನಿಡ್.

"ಕೊಡ್ತಾನೆ ಕಣೆ. ಗೇಟಿನ ಹತ್ರ ನಿಮ್ಮೆಲ್ಲರನ್ನ ನಿಲ್ಲಿಸಿ, ತಾನೇ ಗೇಟ್ ತೆಗೆದು ಒಳಗೆ ಕರೆಯೋ ಫೋಟೋ ತೆಗೆಸ್ತಾನಂತೆ. ಕೌನ್ಸಿಲ್‌ಗೆ ತೋರಿಸೋಕೆ ಅದೊಂದು ಸಾಕು. ಮದುಮಗಳು ಹೊಳೆ ಹತ್ರ ಫೋಟೋಗೆ ನಿಂತಾಗ ಹಿಂದೆ ಕೆಸರು ಬೂಟು ಹಾಕ್ಕೊಂಡು ನಮ್ಮಂಥವರು ಹಾದುಹೋದ್ರೆ ಅವನ ವ್ಯಾಪಾರ ಕೆಡುತ್ತಂತೆ. ಅದಕ್ಕೇ ಇಷ್ಟೆಲ್ಲಾ."

ಎನಿಡ್ ಫೋನಿಟ್ಟು, ಏಪ್ರನ್ ಕೂಡ ಬಿಚ್ಚದೆ, ಮಂಡಿನೋವನ್ನೂ ಲೆಕ್ಕಿಸದೆ ನೇರ ಮಾರ್ಜರಿಯ ಮನೆಗೆ ನಡೆದಳು. ಮಾರ್ಜರಿ ಅಡುಗೆಮನೆಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದಳು. ಎನಿಡ್ ಕೇಳಿದ್ದನ್ನೆಲ್ಲ ಹೇಳಿದಳು. ಮಾರ್ಜರಿಯ ಲಟ್ಟಣಿಗೆ ಒಮ್ಮೆ ನಿಂತು ಮತ್ತೆ ಓಡತೊಡಗಿತು.

"ನನಗೆ ಅದೆಲ್ಲಾ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ, ನಿಜ. ಈಗ ಗೊತ್ತಾಯ್ತಲ್ಲ. ಅಪ್ಪಣೆ ಬೇಡ, ಟೀನೂ ಬೇಡ ಅಂತ ಬರೆದುಬಿಡು."

"ಹೇಗೆ ಬರೀಲಿ ಎನಿಡ್? ಥ್ಯಾಂಕ್ಸ್ ಅಂತ ಬರೆದು ಕಳಿಸಿಯಾಗಿದೆ. ಕರೆದವರಿಗೆ ಬರ್ತೀವಿ ಅಂದು, ಆಮೇಲೆ ನಿಮ್ಮ ಕರೆಯೇ ಬೇಡ ಅನ್ನೋದಾ? ನಮ್ಮ ಮನೆತನದಲ್ಲಿ ಯಾರೂ ಹಾಗೆ ಮಾಡಿದವರಲ್ಲ."

"ನಿಮ್ಮ ಮನೆತನದ್ದೇ ಹೇಳ್ತಿದೀನಿ. ನಿಮ್ಮಮ್ಮನೂ ಆ ದಾರೀಲಿ ನಡೆದಿದಾಳೆ. ಯಾರಿಗೆ ಥ್ಯಾಂಕ್ಸ್ ಬರೆದಿದ್ಲು?"

"ಅವರು ಎಷ್ಟು ನಯವಾಗಿ ಬರೆದಿದಾರೆ ನೋಡಿದ್ರೆ ನೀನು ಹೀಗೆ ಮಾತಾಡ್ತಿರಲಿಲ್ಲ."

"ನಯವಾಗೇ ಕಿತ್ತುಕೊಳ್ತಿದಾನೆ. ಹೊಡೆದು ಬಡಿದು ಮಾಡಿದ್ರೆ ನೀನೇ ಮೊದಲು ಎದುರು ನಿಲ್ತಿದ್ದೆ. ಕೆನೆ ಜಾಮು ಹಚ್ಚಿ ಮಾಡ್ತಾನೆ, ಅದಕ್ಕೆ ಗೊತ್ತಾಗ್ತಿಲ್ಲ."

ಮಾರ್ಜರಿ ಹಿಟ್ಟಿನ ಕೈಯನ್ನು ಒರೆಸಿಕೊಂಡಳು. ಕಣ್ಣಂಚು ಕೆಂಪಾಗಿತ್ತು. "ನೀನು ಯಾವಾಗಲೂ ಹೀಗೇ. ನಮ್ಮಣ್ಣ ಇದ್ದಾಗಲೂ ಅಷ್ಟೆ. ಯಾರಾದ್ರೂ ಒಳ್ಳೇದು ಮಾಡೋಕೆ ಬಂದ್ರೆ ಕೊಂಬು ತಿರುಗಿಸ್ಕೊಂಡು ಹೋಗ್ತೀಯ. ಬಳಗದವರಿಗೆ ಹೇಳ್ತೀನಿ. ಅವರು ಬೇಡ ಅಂದ್ರೆ ಬರೀತೀನಿ. ಇಲ್ಲಾಂದ್ರೆ ಇಲ್ಲ."

ಮುಂದಿನ ಗುರುವಾರ ಬಳಗ ಕೂಡಿತು. ಎನಿಡ್ ಮಾತಾಡಲು ಎದ್ದು ನಿಂತಳು. ಅವಳಿಗೆ ಭಾಷಣದ ಅಭ್ಯಾಸವಿಲ್ಲ. ಆಗ್ನೆಸ್ ಹೇಳಿದ್ದನ್ನು ಹೇಳಿದಳು, ಮಧ್ಯದಲ್ಲಿ ದಾರಿ ತಪ್ಪಿತು, ಮತ್ತೆ ಮೊದಲಿನಿಂದ ಹೇಳಿದಳು. ಕೇಳಿದವರ ಮುಖಗಳಲ್ಲಿ ಮಮತೆ ಇತ್ತು, ಒಪ್ಪಿಗೆ ಇರಲಿಲ್ಲ.

"ಯಾರ್ಕ್‌ಷರ್‌ನವರ ಜಗಳ ನಮಗ್ಯಾಕೆ, ಎನಿಡ್?" ಎಂದಳೊಬ್ಬಳು. "ಅವರ ಊರಿನ ದಾರಿ, ಅವರೇ ಬಡಿದಾಡ್ಕೊಳ್ಳಲಿ."

"ಅವರ ಚೀಸು ತಿನ್ನೋವಾಗ ಯಾರ್ಕ್‌ಷರ್ ನೆನಪಾಗಲ್ಲ ನಿನಗೆ," ಎಂದಳು ಬೆಸ್ಸಿ.

"ನಮಗೂ ವಯಸ್ಸಾಯ್ತು," ಎಂದಳು ಇನ್ನೊಬ್ಬಳು. "ಒಂದು ದಿನ ಯಾರೋ ಕೂರಿಸಿ ಟೀ ಕೊಡ್ತೀನಿ ಅಂತಾರೆ. ನಮ್ಮ ಜೀವಮಾನದಲ್ಲಿ ಯಾರು ಕೊಟ್ಟಿದಾರೆ?"

ನಿಜವೇ, ಯಾರೂ ಕೊಟ್ಟಿರಲಿಲ್ಲ. ಟೀ ಬೇಕೆನ್ನುವವರು ಕೈ ಎತ್ತಿ ಎಂದು ಮಾರ್ಜರಿ ಹೇಳಿದಳು. ಟೀಗೆ ಹೆಚ್ಚು ಕೈ ಎದ್ದವು. ಎನಿಡ್‌ನ ಕಡೆ ಬೆಸ್ಸಿಯದೊಂದು ಕೈ, ಅದೂ ಅರ್ಧಕ್ಕೆ.

ಎನಿಡ್ ಕೋಟು ತೊಟ್ಟುಕೊಂಡು ಬಾಗಿಲ ಬಳಿ ತಿರುಗಿದಳು. "ಬಸ್ಸಿಗೆ ನಾನೂ ಬರ್ತೀನಿ. ನನ್ನ ಸೀಟು ಇಟ್ಟಿರಿ. ಆದ್ರೆ ಅವನ ಗೇಟಿನೊಳಗೆ ನಾನು ಕಾಲಿಡೋದಿಲ್ಲ. ತಡಮೆ ಹತ್ತಿ ಹೋಗ್ತೀನಿ."

"ಆ ನಿನ್ನ ಮಂಡಿ ಇಟ್ಕೊಂಡಾ?" ಎಂದಳು ಮಾರ್ಜರಿ.

"ಮಂಡಿ ನನ್ನದು ತಾನೇ. ಅದಕ್ಕೂ ಅಪ್ಪಣೆ ಬೇಕಾ?"

ಮಾರ್ಜರಿ ಆ ಸಿಟ್ಟಿನಲ್ಲೋ, ಕಾಳಜಿಯಲ್ಲೋ ವಿಷಯವನ್ನು ಥಾರ್ನ್‌ಬೆಕ್‌ಗೆ ಮುಟ್ಟಿಸಿದ್ದಿರಬೇಕು. ಜೂನ್ ಕೊನೆಯ ಒಂದು ಸಂಜೆ ಹಾರ್ಕೋರ್ಟ್ ಸಾಹೇಬನೇ ಎನಿಡ್‌ಗೆ ಫೋನ್ ಮಾಡಿದ. ಮಾತು ಬೆಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು.

"ಮಿಸೆಸ್ ಆಗ್ಡೆನ್, ನಿಮಗೆ ಮಂಡಿನೋವಂತೆ. ಕೇಳಿ ಬೇಜಾರಾಯ್ತು. ಗೇಟಿನಿಂದ ಹೊಳೆ ದಡದವರೆಗೂ ನಿಮ್ಮನ್ನ ನನ್ನ ಗಾಡಿಯಲ್ಲೇ ಕರ್ಕೊಂಡು ಹೋಗ್ತೀನಿ."

"ನನ್ನ ಮಂಡಿ ನಿಮ್ಮೂರಿಗೂ ಬಂತಾ? ನಡೆಯೋಕಾಗಲ್ಲ ಅಂತ ಡಾಕ್ಟರ್ ಹೇಳ್ತಾರೆ, ಇದು ನೋಡಿದ್ರೆ ನನಗಿಂತ ಮುಂಚೆ ಊರೆಲ್ಲಾ ಸುತ್ತುತ್ತೆ."

ಅವನು ನಕ್ಕ. ನಗು ಕೆಟ್ಟದಾಗಿರಲಿಲ್ಲ. "ನಿಮ್ಮಂಥವರು ಬರೋದು ನನಗೆ ನಿಜವಾಗಿಯೂ ಸಂತೋಷ, ಮೇಡಮ್. ಯಾವಾಗ ಬೇಕಾದ್ರೂ ಬನ್ನಿ. ಒಂದು ಮಾತು ಮುಂಚೆ ತಿಳಿಸಿದ್ರೆ ಸಾಕು."

"ನಿಮಗೆ ಸಂತೋಷ ಇಲ್ಲದ ದಿನ?"

"ಅಂದ್ರೆ?"

"ನಿಮಗೆ ಸಂತೋಷ ಇಲ್ಲದ ದಿನ ನಾವು ಬರಬಹುದಾ ಅಂತ ಕೇಳ್ತಿದೀನಿ."

"ಅಂಥ ದಿನ ಯಾಕೆ ಬರುತ್ತೆ?" ಎಂದ.

"ಹಾಗಾದ್ರೆ ನಿಮ್ಮ ಸಂತೋಷ ನಿಮ್ಮ ಹತ್ರಾನೇ ಇರಲಿ, ಸ್ವಾಮಿ. ನಮಸ್ಕಾರ." ಎನಿಡ್ ಫೋನಿಟ್ಟಳು. ಸಾಹೇಬರ ಮಾತಿಗೆ ಎದುರು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಅಂದಿನಿಂದ ದಿನಾ ಮನೆಯ ಮೆಟ್ಟಿಲನ್ನು ಒಂದು ಕೈಯಲ್ಲಿ ಕಂಬಿ ಹಿಡಿದು ಹತ್ತಿ ಇಳಿಯುವ ಅಭ್ಯಾಸ ಶುರುಮಾಡಿದಳು. ಹತ್ತುವುದು ಹೇಗೋ ಆಗುತ್ತಿತ್ತು. ಇಳಿಯುವಾಗ ಬಾಯಿಂದ ಬರುತ್ತಿದ್ದ ಮಾತುಗಳನ್ನು ಪ್ರಾರ್ಥನಾ ಮಂದಿರದವರು ಕೇಳಿಸಿಕೊಳ್ಳುವಂತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ತುಂತುರು ಮಳೆ ಇತ್ತು. ಎಲ್ಲರೂ ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ ಕಟ್ಟಿಕೊಂಡು ಬಸ್ಸು ಹತ್ತಿದರು. ಮಾರ್ಜರಿ ಹೊಸ ಟೋಪಿ, ಕೈಗವಸು, ಎದೆಗೆ ಪಿನ್ನು ಹಾಕಿ ಬಂದಿದ್ದಳು. ಎನಿಡ್ ತನ್ನ ಹಳೆ ಬೂಟಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು, ಮಡಿಲಲ್ಲಿ ನಾಲಿಗೆ ಮಾಂಸದ ಸ್ಯಾಂಡ್‌ವಿಚ್, ಫ್ಲಾಸ್ಕಿನ ಟೀ. ಬುತ್ತಿ ತಂದವಳು ಅವಳೊಬ್ಬಳೇ. ಬಸ್ಸು ಗುಡ್ಡ ಹತ್ತಿ ಇಳಿಯುವ ಹೊತ್ತಿಗೆ ಮೋಡ ಒಡೆದು ಕಣಿವೆಯ ಮೇಲೆ ಬಿಸಿಲು ಬಿತ್ತು. ಒದ್ದೆ ಕಲ್ಲುಗೋಡೆಗಳು ಹೊಳೆದವು. ಗೋಡೆಗಳ ನಡುವೆ ಹುಲ್ಲು ಕೊಯ್ಲಿಗೆ ಬಂದು ನಿಂತಿತ್ತು. ಬಸ್ಸಿನಲ್ಲಿ ಪ್ರತಿ ವರ್ಷದಂತೆ ಎಲ್ಲರೂ ಕಿಟಕಿಗಳ ಕಡೆ ಬಾಗಿದರು.

"ಸುಮ್ಮನೆ ಗೇಟಿನಿಂದ ಬಂದುಬಿಡೆ," ಎಂದು ಪಕ್ಕದಲ್ಲಿ ಕೂತ ಬೆಸ್ಸಿ ಮೆಲ್ಲಗೆ ಹೇಳಿದಳು. "ನೀನೊಬ್ಬಳು ಗೋಡೆ ಹತ್ತಿದ್ರೆ ಏನಾಗುತ್ತೆ?"

"ಒಬ್ಬಳಾದ್ರೂ ಹತ್ತಿದ್ಲು ಅಂತಾಗುತ್ತೆ."

ಥಾರ್ನ್‌ಬೆಕ್‌ನಲ್ಲಿ ಹೊಸ ಗೇಟು ಹಸಿರು ಬಣ್ಣ ಬಳಿದುಕೊಂಡು ಅಗಲವಾಗಿ ತೆರೆದು ನಿಂತಿತ್ತು. ಪಕ್ಕದಲ್ಲೇ ಗೋಡೆಯಿಂದ ಹೊರಚಾಚಿದ ನಾಲ್ಕಾರು ಕಲ್ಲುಗಳ ಹಳೆಯ ತಡಮೆ, ತುಳಿದು ತುಳಿದು ನಡುವೆ ಗುಳಿಬಿದ್ದದ್ದು. ಹಾರ್ಕೋರ್ಟ್ ಗೇಟಿನ ಮೇಲೆ ಕೈಯಿಟ್ಟು ನಗುಮುಖದಿಂದ ನಿಂತಿದ್ದ. ಎತ್ತರದ ಆಳು, ಒಳ್ಳೆಯ ಕೋಟು, ಒಂದು ಕೆಸರಿನ ಚುಕ್ಕೆಯೂ ಇಲ್ಲದ ಬೂಟು. ಮದುವೆಗಳಿಗೆ ಬರುವ ಅವನ ಫೋಟೋಗ್ರಾಫರ್ ಕ್ಯಾಮೆರಾ ಹಿಡಿದು ಸಿದ್ಧನಾಗಿದ್ದ. ಹಳ್ಳಿಯ ಕಡೆಯಿಂದ ಆಗ್ನೆಸ್ ಮೆಟ್‌ಕಾಫ್ ತನ್ನ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಏಳಲಿಲ್ಲ, ಕೈಬೀಸಲಿಲ್ಲ.

"ಬನ್ನಿ, ಬನ್ನಿ. ನೀವೆಲ್ಲ ನನ್ನ ಅತಿಥಿಗಳು," ಎಂದ ಹಾರ್ಕೋರ್ಟ್.

ಮೂವರು ಟೀ ವಾಸನೆಗೆ ಸೋತು ಆಗಲೇ ಗೇಟು ದಾಟಿದ್ದರು. ಕ್ಯಾಮೆರಾ ಕ್ಲಿಕ್ಕೆಂದಿತು. ಎನಿಡ್ ಗೇಟನ್ನು ಬಿಟ್ಟು ಪಕ್ಕದ ತಡಮೆಯ ಬಳಿ ಹೋಗಿ, ಫ್ಲಾಸ್ಕನ್ನು ಬೆಸ್ಸಿಯ ಕೈಗೆ ಕೊಟ್ಟು, ಮೊದಲ ಕಲ್ಲಿನ ಮೇಲೆ ಕಾಲಿಟ್ಟಳು.

"ಮೇಡಮ್, ಗೇಟು ತೆಗೆದೇ ಇದೆ."

"ಕಾಣ್ತಿದೆ."

"ಆ ಕಲ್ಲುಗಳು ಜಾರುತ್ವೆ."

"ಅದೂ ಗೊತ್ತು."

ಎರಡನೇ ಕಲ್ಲಿಗೆ ಮಂಡಿ ಕಟಕಟ ಎಂದಿತು. ಹಾರ್ಕೋರ್ಟ್‌ನ ನಗು ಇನ್ನೂ ಮುಖದಲ್ಲೇ ಇತ್ತು, ಆದರೆ ಕಣ್ಣು ಒಮ್ಮೆ ಕ್ಯಾಮೆರಾದ ಕಡೆ ಹೋಗಿ ಬಂತು. ಅವನು ಬುದ್ಧಿವಂತ. ಸ್ವಲ್ಪ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಹಾಗೇ ಆಗಲಿ. ಮಿಸೆಸ್ ಆಗ್ಡೆನ್‌ಗೆ ತಡಮೆ ಹತ್ತೋಕೂ ನನ್ನ ಅಪ್ಪಣೆ ಇದೆ. ಸಂತೋಷದಿಂದ ಕೊಟ್ಟಿದೀನಿ."

ಎನಿಡ್ ಗೋಡೆಯ ನೆತ್ತಿ ಹಿಡಿದು ನಿಂತಳು. ಇದನ್ನು ಅವಳು ಯೋಚಿಸಿರಲಿಲ್ಲ. ಎಷ್ಟು ಹತ್ತಿದರೂ, ಎಲ್ಲಿ ಹತ್ತಿದರೂ ಈ ಮನುಷ್ಯ ಕೊಡುತ್ತಲೇ ಹೋಗುತ್ತಾನೆ. ಬೆನ್ನಿನ ಮೇಲೆ ಬಳಗದವರೆಲ್ಲರ ಕಣ್ಣು. ಕೈ ಎತ್ತಿ ನಿಂತರೂ ನೋಡದೆ ಹೋಗುತ್ತಿದ್ದ ಮೇಸ್ತ್ರಿ ಇವನಿಗಿಂತ ವಾಸಿ ಅನ್ನಿಸಿತು. ಅವನು ಕೊಡದೆ ಸತಾಯಿಸಿದ್ದ, ಇವನು ಕೊಟ್ಟೇ ಸೋಲಿಸುತ್ತಾನೆ.

ಅವಳು ನಿಧಾನವಾಗಿ ತಿರುಗಿದಳು. "ನೀವು ಕೊಡ್ತೀರಿ, ಸರಿ. ನಾನು ತಗೊಳ್ತಿಲ್ಲ."

"ತಗೊಳ್ಳೋದೇನಿದೆ? ಕೊಟ್ಟಾಯ್ತು."

"ನಮ್ಮ ಮನೆ ಬಾಗಿಲಿಗೆ ಬಂದು ನನ್ನ ಕೋಟನ್ನೇ ನನಗೆ ಉಡುಗೊರೆ ಕೊಡ್ತೀನಿ ಅಂದ್ರೆ ನಾನು ಥ್ಯಾಂಕ್ಸ್ ಹೇಳಬೇಕಾ? ಎಲ್ಲರೂ ಕೇಳಿಸ್ಕೊಳ್ಳಿ. ಇವರ ಅಪ್ಪಣೆ ನನಗೆ ಬೇಡ. ಕೇಳಿಲ್ಲ, ಕೇಳೋದೂ ಇಲ್ಲ. ಇವರ ಟೀ ಬೇಡ, ಗಾಡಿ ಬೇಡ, ಸಂತೋಷ ಬೇಡ. ಮುಂದಿನ ವರ್ಷ ಹೇಳದೆ ಬರ್ತೀನಿ. ಮದುವೆ ಇದ್ದ ದಿನವೇ ಬಂದ್ರೂ ಬಂದೆ. ಮದುಮಗಳಿಗೆ ಒಳ್ಳೇದಾಗಲಿ ಅಂತ ಹೇಳಿ ಹೋಗ್ತೀನಿ."

ಬಳಗದಲ್ಲಿ ಯಾರೋ ಕಿಸಕ್ಕೆಂದರು. ಬೆಸ್ಸಿ, "ಅವಳು ಬಂದೇ ಬರ್ತಾಳೆ ಸಾಹೇಬ್ರೆ. ಫೋಟೋದಲ್ಲಿ ಮಧ್ಯಕ್ಕೇ ನಿಲ್ತಾಳೆ," ಎಂದಳು.

ಹಾರ್ಕೋರ್ಟ್‌ನ ಮುಖದ ಬಣ್ಣ ಕುತ್ತಿಗೆಯಿಂದ ಮೇಲೆ ಏರತೊಡಗಿತು. "ಮದುವೆ ದಿನ ಬರೋ ಹಾಗಿಲ್ಲ."

"ಬರ್ತೀನಿ."

"ಬರೋ ಹಾಗಿಲ್ಲ ಅಂದೆ. ಇದು ನನ್ನ ಜಮೀನು. ಇಳೀರಿ ಕೆಳಗೆ. ಯಾರೂ ಈ ಕಡೆಯಿಂದ ಬರಕೂಡದು, ಇವತ್ತೂ ಬರಕೂಡದು. ಅಪ್ಪಣೆ ಇಲ್ಲ, ಯಾರಿಗೂ ಇಲ್ಲ." ಹೇಳಿ ಮುಗಿದ ಮೇಲೆ ಅವನೇ ಬಾಯಿ ಮುಚ್ಚಿಕೊಂಡ. ಕ್ಯಾಮೆರಾದವನು, ತನಗೆ ಯಾರೂ ಬೇಡ ಅನ್ನದಿದ್ದ ಕಾರಣ, ಆ ಗಳಿಗೆಯನ್ನೂ ತೆಗೆದುಕೊಂಡ.

"ಇದೊಂದು ಮಾತಿಗೆ ಇಷ್ಟು ಹೊತ್ತು ಬೇಕಾಯ್ತು ನೋಡಿ. ಇನ್ನು ನಾವು ನಡೆದ್ರೆ ಅದು ನಿಮ್ಮ ಅಪ್ಪಣೆಯ ಮೇಲಲ್ಲ," ಎಂದಳು ಎನಿಡ್. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಜಮೀನು ನಿಮ್ಮದೇ, ಯಾರು ಇಲ್ಲ ಅಂದ್ರು? ಹುಲ್ಲು ನಿಮ್ಮದು, ಕೊಟ್ಟಿಗೆ ನಿಮ್ಮದು. ನಾನು ದಾರೀಲಿ ಹೋಗ್ತಿದೀನಿ." ಒಂದು ಕಾಲನ್ನು ಕೈಯಿಂದಲೇ ಎತ್ತಿ ಗೋಡೆಯ ಆಚೆ ಹಾಕಿದಳು. ಇನ್ನೊಂದು ಕಾಲು ಬರಲು ತಡಮಾಡಿತು, ಬಂತು. ಇಳಿಯುವಾಗ ಅವಳ ಬಾಯಿಂದ ಒಂದು ಮಾತು ಹೊರಬಿತ್ತು, ಅದನ್ನು ಬೆಸ್ಸಿ ಮಾತ್ರ ಸ್ಪಷ್ಟವಾಗಿ ಕೇಳಿಸಿಕೊಂಡಳು.

ಬೆಸ್ಸಿ ಎನಿಡ್‌ನ ಫ್ಲಾಸ್ಕನ್ನು ಗೋಡೆಯ ಮೇಲಿಟ್ಟು ತಾನೂ ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು, ಯಾರ್ಕ್‌ಷರ್‌ನವರ ಜಗಳ ನಮಗ್ಯಾಕೆ ಅಂದವಳೇ. "ಇಳೀರಿ ಅಂತಾನೆ, ನಾನೇನು ಅವನ ಮನೆ ನಾಯಿಯಾ?" ಎಂದು ಗೊಣಗುತ್ತಲೇ ಹತ್ತಿದಳು. ಟೀ ಕೊಡ್ತೀನಿ ಅಂದಾಗ ಬಾರದಿದ್ದ ರೋಷ, ಬೇಡ ಅಂದ ಕೂಡಲೇ ಬಳಗಕ್ಕೆಲ್ಲ ಬಂದುಬಿಟ್ಟಿತು. ಒಬ್ಬರ ಬೆನ್ನು ಒಬ್ಬರು ತಳ್ಳಿದರು, ಒಬ್ಬರ ಕೈ ಒಬ್ಬರು ಎಳೆದರು.

ಕೊನೆಗೆ ಈಚೆ ಉಳಿದವಳು ಮಾರ್ಜರಿ. ಒಂದು ಕಡೆ ತೆರೆದ ಗೇಟು, ಇನ್ನೊಂದು ಕಡೆ ತಡಮೆ. ಕೈಗವಸನ್ನು ಬಿಚ್ಚುತ್ತಾಳೆ, ಮತ್ತೆ ಹಾಕಿಕೊಳ್ಳುತ್ತಾಳೆ.

"ನೀವಾದ್ರೂ ಹೇಳಿ ಮೇಡಮ್," ಎಂದ ಹಾರ್ಕೋರ್ಟ್. "ನೀವೇ ಅಪ್ಪಣೆ ಕೇಳಿ ಬರೆದಿದ್ರಿ. ನಿಮಗೆ ಮರ್ಯಾದೆ ಗೊತ್ತು."

ಮಾರ್ಜರಿ ಅವನ ಮುಖ ನೋಡಿದಳು. ಆಮೇಲೆ ಗೋಡೆಯ ಆಚೆ ಹುಲ್ಲಿನಲ್ಲಿ ಮಂಡಿ ಉಜ್ಜಿಕೊಳ್ಳುತ್ತ ನಿಂತ ಅತ್ತಿಗೆಯನ್ನು ನೋಡಿದಳು.

"ಕೇಳಿದ್ದು ನನ್ನ ತಪ್ಪು," ಎಂದಳು. "ಬಳಗದವರು ಯಾರೂ ಕೇಳು ಅಂದಿರಲಿಲ್ಲ. ಕೇಳೋ ಅಗತ್ಯವೂ ಇರಲಿಲ್ಲ. ಇದನ್ನೂ ಬೇಕಾದ್ರೆ ಬರೆದು ಕಳಿಸ್ತೀನಿ." ಟೋಪಿ ಬಿಚ್ಚಿ ಬ್ಯಾಗಿಗೆ ತುರುಕಿದಳು. ಲಂಗ ಎತ್ತಿ ಕಟ್ಟಿ ಕಲ್ಲಿನ ಮೇಲೆ ಕಾಲಿಟ್ಟಳು. ನೆತ್ತಿಗೆ ಬಂದಾಗ ಕಾಲುಚೀಲ ಕಲ್ಲಿಗೆ ಸಿಕ್ಕಿ ಪರ್ರೆಂದು ಹರಿಯಿತು. ಅಲ್ಲಿಂದಲೇ ಹಿಂದೆ ತಿರುಗಿ, "ಕ್ಷಮಿಸಿ ಮಿಸ್ಟರ್ ಹಾರ್ಕೋರ್ಟ್," ಎಂದಳು.

"ಅಯ್ಯೋ, ಕ್ಷಮೆ ಕೇಳಿಬಿಟ್ಲು," ಎಂದಳು ಬೆಸ್ಸಿ ಗಾಬರಿಯಿಂದ. "ಅದೂ ಅಪ್ಪಣೆ ಕೇಳಿದ ಹಾಗೇ ಆಗುತ್ತಾ, ಎನಿಡ್?"

"ಇಲ್ಲ. ಕ್ಷಮೆ ಎಷ್ಟು ಬೇಕಾದ್ರೂ ಕೇಳ್ಕೊಳ್ಳಲಿ," ಎಂದು ಎನಿಡ್ ಕೈ ಚಾಚಿದಳು. "ಇಳಿ ಮಾರ್ಜರಿ. ಎಡಗಾಲು ಮೊದಲು. ನನ್ನ ಭುಜ ಹಿಡ್ಕೋ."

ಮೊದಲೇ ಗೇಟು ದಾಟಿದ್ದ ಮೂವರು ಹಾಲ್‌ನ ಕಿಟಕಿಯಲ್ಲಿ ಸ್ಕೋನು ಹಿಡಿದು ನೋಡುತ್ತಿದ್ದರು. ಉಳಿದವರು ಒಬ್ಬರ ಹಿಂದೆ ಒಬ್ಬರು ಸಾಲಾದರು. ಕೊಯ್ಲಿಗೆ ಬಂದ ಹುಲ್ಲು ಸೊಂಟದವರೆಗೂ ಇತ್ತು, ಒದ್ದೆಯಾಗಿತ್ತು. ನಡುವಿನ ಕಾಲುದಾರಿ ಒಂದಡಿ ಅಗಲ, ಅಷ್ಟೇ. ಮಾರ್ಜರಿ ಮುಂದೆ, ಎನಿಡ್ ಅವಳ ಹಿಂದೆ.

"ಅವನು ಪೊಲೀಸ್ ಕರೆದ್ರೆ?" ಎಂದು ಮಾರ್ಜರಿ ತಿರುಗದೆ ಕೇಳಿದಳು.

"ಕರೀಲಿ."

"ನನ್ನ ಹತ್ರ ಸ್ಯಾಂಡ್‌ವಿಚ್ ಕೂಡ ಇಲ್ಲ."

"ನನ್ನ ಹತ್ರ ಇದೆ. ನಡಿ."